ಹಸಿರು ಗುಡ್ಡ, ನೀಲಿ ಗೆರೆ

1994. ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳು. ಅಷ್ಟಕ್ಕೂ ಇಂಟರ್ನೆಟ್ಟಿಗೆ ಇದ್ದದ್ದು ಸೆಕೆಂಡಿಗೆ 64 ಕಿಲೋಬಿಟ್‌ನ ಒಂದೇ ಲೈನು. ಇನ್ನೊಂದು ವರ್ಷವಾದರೂ ಅದರಲ್ಲೇ ದಿನ ದೂಡಬೇಕಿತ್ತು. ಲೈನು ದೊಡ್ಡದಾಗದಿದ್ದರೂ ಅದರ ಸ್ಥಿತಿ ಎಲ್ಲರಿಗೂ ಕಾಣಲಿ ಎಂದು ಅಲ್ಲಿದ್ದ ಟೋಬಿಯಾಸ್ ಓಟಿಕರ್ ಒಂದು ಪರ್ಲ್ ಪ್ರೋಗ್ರಾಮ್ ಬರೆದರು. ಐದೈದು ನಿಮಿಷಕ್ಕೊಮ್ಮೆ ರೂಟರನ್ನು ವಿಚಾರಿಸಿ ಅದು ಗ್ರಾಫ್ ಬಿಡಿಸುತ್ತಿತ್ತು. ಒಳಬಂದದ್ದು ಹಸಿರು ಗುಡ್ಡ, ಹೊರಹೋದದ್ದು ನೀಲಿ ಗೆರೆ. 1995ರಲ್ಲಿ ಎಂಆರ್‌ಟಿಜಿ ಎಂಬ ಹೆಸರಿನಲ್ಲಿ ಅದನ್ನು ಊರಿಗೆಲ್ಲ ಉಚಿತವಾಗಿ ಹಂಚಿದರು.

ರೂಟರಿಗೆ ವೇಗ ಎಂದರೇನೆಂದು ಗೊತ್ತಿಲ್ಲ, ಅದು ಎಣಿಸುತ್ತದೆ ಅಷ್ಟೆ. ಇಲ್ಲಿಯವರೆಗೆ ಎಷ್ಟು ಬೈಟ್ ಬಂತು, ಎಷ್ಟು ಹೋಯಿತು ಎಂಬುದು ಅದರಲ್ಲಿ ಏರುತ್ತಲೇ ಇರುತ್ತದೆ. ಮನೆಯ ಕರೆಂಟ್ ಮೀಟರಿನ ಹಾಗೆ, ಇವತ್ತಿನ ರೀಡಿಂಗಿನಲ್ಲಿ ಹಿಂದಿನದನ್ನು ಕಳೆದರೆ ಬಳಕೆ, ಅದನ್ನು ಕಾಲದಿಂದ ಭಾಗಿಸಿದರೆ ವೇಗ. ಹಳೆಯ ರೂಟರುಗಳ ಈ ಮೀಟರು 32 ಬಿಟ್‌ನದು. ಸುಮಾರು 429 ಕೋಟಿ ಬೈಟ್ ಆದ ಮೇಲೆ ಮತ್ತೆ ಸೊನ್ನೆ. ಲೆಸ್ಟರಿನ ಲೈನು ತುಂಬಿ ಹರಿದರೂ ಅಲ್ಲಿಗೆ ಮುಟ್ಟಲು ಆರು ದಿನ ಹಿಡಿಯುತ್ತಿತ್ತು. ಇವತ್ತಿನ 100 ಎಂಬಿಪಿಎಸ್ ಲೈನಿಗೆ ಆರು ನಿಮಿಷವೂ ಬೇಡ. ಎರಡು ರೀಡಿಂಗ್‌ಗಳ ನಡುವೆ ಮೀಟರು ಎರಡು ಸಲ ಸುತ್ತಿದರೆ ಲೆಕ್ಕವೇ ಸುಳ್ಳಾಗುತ್ತದೆ. ಅದಕ್ಕೇ 64 ಬಿಟ್‌ನ ಮೀಟರು ಬಂತು.

ಎಣಿಸಿದ್ದನ್ನೆಲ್ಲ ಇಡುವುದೆಲ್ಲಿ? ಓಟಿಕರ್ ಅವರ ಉತ್ತರ ನನಗೆ ಇವತ್ತಿಗೂ ಬೆರಗು. ನಿನ್ನೆಯದು ಐದು ನಿಮಿಷದ ಲೆಕ್ಕದಲ್ಲಿರಲಿ, ಕಳೆದ ವಾರದ್ದು ಅರ್ಧ ಗಂಟೆಯ ಸರಾಸರಿಯಾಗಲಿ, ಕಳೆದ ವರ್ಷದ್ದಕ್ಕೆ ದಿನಕ್ಕೊಂದು ಅಂಕಿ ಸಾಕು. ಕ್ಷಯ ಸಂವತ್ಸರ ಮುಗಿದ ಮೇಲೆ ಪ್ರಭವ ಮತ್ತೆ ಬರುವಂತೆ, ಕೊನೆಯ ಮನೆ ತುಂಬಿದ ಮೇಲೆ ಮೊದಲ ಮನೆಯನ್ನೇ ಅಳಿಸಿ ಬರೆಯುವುದು. ಹತ್ತು ವರ್ಷ ಓಡಿದರೂ ಕಡತ ಒಂದಿಷ್ಟೂ ಹಿಗ್ಗದು. 1999ರಲ್ಲಿ ಇದು ಆರ್‌ಆರ್‌ಡಿಟೂಲ್ ಎಂಬ ಬೇರೆ ಸಲಕರಣೆಯೇ ಆಯಿತು.

ಈ ವಿದ್ಯೆ ಮನೆಯೊಳಗೆ ಕಾಲಿಟ್ಟದ್ದು ಲಿಂಕ್ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರ್ ಡಬ್ಬಿಯ ದೆಸೆಯಿಂದ. ಅದರೊಳಗೆ ಲಿನಕ್ಸ್ ಇದೆಯೆಂದು ಬಲ್ಲವರು ಪತ್ತೆ ಹಚ್ಚಿದರು. ಲಿನಕ್ಸಿನ ಪರವಾನಗಿಯ ಷರತ್ತಿನಂತೆ 2003ರಲ್ಲಿ ಕಂಪನಿ ಮೂಲ ಕೋಡನ್ನು ಹೊರಗಿಡಬೇಕಾಯಿತು. ಆ ಕೋಡಿನಿಂದ ಓಪನ್‌ಡಬ್ಲ್ಯುಆರ್‌ಟಿ ಎಂಬ ಬದಲಿ ತಂತ್ರಾಂಶ ಹುಟ್ಟಿತು. ಜೊನಾಥನ್ ಜರಾಟೆ ಅವರ ಟೊಮ್ಯಾಟೊ ಎಂಬ ಇನ್ನೊಂದು ತಂತ್ರಾಂಶ ಈ ಕ್ಷಣದ, ದಿನದ, ತಿಂಗಳ ಬಳಕೆಯನ್ನು ಬ್ರೌಸರಿನಲ್ಲೇ ತೋರಿಸಿತು. ಲೆಕ್ಕವನ್ನು ರ್‍ಯಾಮ್‌ನಲ್ಲಿ ಮಾತ್ರ ಇಟ್ಟವರಿಗೆ ಒಂದು ಸಂಕಟವಿತ್ತು, ಕರೆಂಟ್ ಹೋದರೆ ತಿಂಗಳ ಲೆಕ್ಕವೂ ಹೋಯಿತು.

ನಮ್ಮ ಕಡೆ ಇಂಥ ಲೆಕ್ಕದ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತು. 2005ರಲ್ಲಿ ಶುರುವಾದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ 250 ರೂಪಾಯಿಯ ಪ್ಲ್ಯಾನಿನಲ್ಲಿ ತಿಂಗಳಿಗೆ ಸಿಗುತ್ತಿದ್ದದ್ದು 400 ಎಂಬಿ. 256 ಕೆಬಿಪಿಎಸ್‌ನಲ್ಲೇ ಎಡೆಬಿಡದೆ ಇಳಿಸಿಕೊಂಡರೂ ಮೂರೂವರೆ ಗಂಟೆಯಲ್ಲಿ ಅದು ಖಾಲಿ, ಆಮೇಲಿನ ಪ್ರತಿ ಎಂಬಿಗೂ ದುಡ್ಡು. ಇನ್ನೊಂದು ಪ್ಲ್ಯಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯಿರಲಿಲ್ಲ. ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗಿದವರಿಗೆ ಆ ಗಂಟೆಯ ನೆನಪು ಇನ್ನೂ ಇದೆ. ಆಗ ಬಿಲ್ಲು ಬಂದ ಮೇಲೆ ವಾದಿಸಲು ಕೈಯಲ್ಲೊಂದು ಲೆಕ್ಕ ಇರಬೇಕಿತ್ತು. ಕಂಪನಿಯ ಅಂಕಿಯ ಪಕ್ಕ ಇಡಲು ನಮ್ಮದೇ ಅಂಕಿ.

ಓಪನ್‌ಡಬ್ಲ್ಯುಆರ್‌ಟಿಯ ಅಂಕಿಅಂಶದ ಪುಟಕ್ಕೆ ಗ್ರಾಫ್ ಬಿಡಿಸುವುದು ಈಗಲೂ ಆರ್‌ಆರ್‌ಡಿಟೂಲೇ. ಯಾವ ಫೋನು ಎಷ್ಟು ಬಳಸಿತು ಎಂದು ಬೇರೆಬೇರೆಯಾಗಿ ತೋರಿಸುವ ಎನ್‌ಎಲ್‌ಬಿಡಬ್ಲ್ಯುಮಾನ್ ಕೂಡ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೊರಹರಿವಿನ ಗೆರೆಯೊಂದು ಮೆಲ್ಲಗೆ ಏರುತ್ತದೆ. ಹಗಲು ಮೊಮ್ಮಗುವಿನ ಫೋಟೋ ತೆಗೆದ ಅಮ್ಮನ ಫೋನು, ಚಾರ್ಜಿಗೆ ಹಾಕಿದಲ್ಲಿಂದಲೇ ಬ್ಯಾಕಪ್ ಶುರು ಮಾಡಿರುತ್ತದೆ.