ಎರೆ ನೆಲದ ಜೀಪಿಗೆ ಮೊದಲು ಏನು ಕೊಳ್ಳಬೇಕು?

ಇಂಡಿ ತಾಲ್ಲೂಕಿನ ವೀಕ್ಷಕರೊಬ್ಬರು ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಒಂದು ಪತ್ರ ಬರೆದಿದ್ದಾರೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥ ಹಳೆಯ ಜೀಪೊಂದನ್ನು ಅವರು ಕೊಂಡಿದ್ದಾರೆ. ತೋಟಕ್ಕೆ ಹೋಗಬೇಕು, ಲಿಂಬೆಯ ಚೀಲ ತರಬೇಕು, ರಾತ್ರಿ ಮನೆಯಲ್ಲಿ ಯಾರಿಗಾದರೂ ಆರಾಮವಿಲ್ಲವೆಂದರೆ ದವಾಖಾನೆಗೆ ಒಯ್ಯಬೇಕು. ಕೈಯಲ್ಲಿ ಉಳಿದಿರುವ ಹಣ 15,000 ರೂಪಾಯಿ. ಅಂಗಡಿಯವರು ಮುಂದಿನ ಕಬ್ಬಿಣದ ಗಾರ್ಡು, ಮೇಲ್ಛಾವಣಿಯ ದೀಪಗಳ ಸಾಲು, ಅಗಲವಾದ ಟೈರು ತೋರಿಸುತ್ತಿದ್ದಾರೆ. "ಇವುಗಳಲ್ಲಿ ಯಾವುದನ್ನು ಮೊದಲು ಹಾಕಿಸಲಿ?" ಎಂಬುದು ಅವರ ಪ್ರಶ್ನೆ.

ಉತ್ತರ ಚಿಕ್ಕದು: ಈ ಮೂರರಲ್ಲಿ ಯಾವುದನ್ನೂ ಮೊದಲು ಹಾಕಿಸಬೇಡಿ. ಕಾರಣ ಮಾತ್ರ ಸ್ವಲ್ಪ ಉದ್ದವಾಗಿದೆ, ಏಕೆಂದರೆ ಅದು ಜೀಪಿನಲ್ಲಿಲ್ಲ, ನಿಮ್ಮ ನೆಲದಲ್ಲಿದೆ.

ನೆಲದ ಗುಣ

ಇಂಡಿ, ಸಿಂದಗಿಯ ಭೀಮಾ ತೀರ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಡೋಣಿ ಸಾಲು, ಇವೆಲ್ಲ ಆಳವಾದ ಕಪ್ಪು ಎರೆ. ಈ ಮಣ್ಣಿನ ಜೇಡಿಕಣಗಳು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುತ್ತವೆ. ಮಳೆ ಬಿದ್ದಾಗ ಹಾಳೆಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ, ಕೈ ಹಿಡಿಸುವಷ್ಟು ಅಗಲದ ಬಿರುಕು ಬಿಡುತ್ತದೆ. ನೀರನ್ನು ಬಹಳ ದಿನ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿ ಬಿಳಿಜೋಳ ಬರೀ ತೇವದ ಮೇಲೆ ಬೆಳೆಯುತ್ತದೆ. ಅದೇ ಗುಣದಿಂದಲೇ ಒಂದು ಹದ ಮಳೆಯಾದರೆ ಚಕ್ಕಡಿ ದಾರಿ ಸಾಬೂನಿನಂತೆ ಜಾರುತ್ತದೆ. ಮಣ್ಣು ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು, ನಾಲ್ಕು ಸುತ್ತಿನಲ್ಲಿ ಹೊಸ ಟೈರನ್ನೂ ಬೋಳು ಟೈರಿನಂತೆ ಮಾಡಿಬಿಡುತ್ತದೆ.

ನಾಲ್ಕು ಗಾಲಿ ಚಾಲನೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಹಿಡಿತವನ್ನು ಹುಟ್ಟಿಸುವುದಿಲ್ಲ. ನೆಲ ಕೊಡುವ ಹಿಡಿತವನ್ನು ಎರಡರ ಬದಲು ನಾಲ್ಕು ಗಾಲಿಗಳಿಂದ ಬಳಸಿಕೊಳ್ಳುತ್ತದೆ, ಅಷ್ಟೆ. ನೆಲವೇ ಕೊಡದಿದ್ದರೆ ನಾಲ್ಕೂ ಗಾಲಿ ಒಟ್ಟಿಗೆ ತಿರುಗಿ ಒಟ್ಟಿಗೆ ಹೂಳುತ್ತವೆ. ಎರಡು ಗಾಲಿಯ ಗಾಡಿ ದಾರಿಯ ಬದಿಯಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕು ಗಾಲಿಯ ಗಾಡಿ ಹೊಲದ ನಡುವೆ ಹೋಗಿ ಸಿಕ್ಕಿಬೀಳುತ್ತದೆ.

ನಾವು ಕಲಿತ ಪಾಠ

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಹಿಂಗಾರಿ ಬಿತ್ತನೆಯ ಚಿತ್ರೀಕರಣಕ್ಕೆಂದು ನಮ್ಮ ತಂಡ ಬಸವನ ಬಾಗೇವಾಡಿಯ ಕಡೆ ಹೋಗಿತ್ತು. ಬಾಡಿಗೆಗೆ ಪಡೆದ ಜೀಪಿನ ನೆತ್ತಿಯ ಮೇಲೆ ನಾಲ್ಕು ದೊಡ್ಡ ದೀಪಗಳಿದ್ದವು, ಮುಂದೆ ಹೊಳೆಯುವ ಗಾರ್ಡಿತ್ತು. ಮಧ್ಯಾಹ್ನ ಒಂದು ತಾಸು ಮಳೆಯಾಯಿತು. ಮರಳಿ ಬರುವಾಗ ಡಾಂಬರು ರಸ್ತೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಗಾಡಿ ಅಚ್ಚಿನವರೆಗೆ ಹೂತಿತು. ಚಾಲಕ ಎಂಜಿನ್ನನ್ನು ಜೋರು ಮಾಡಿದಷ್ಟೂ ಅದು ಕೆಳಗೆ ಇಳಿಯಿತು. ಗಾಡಿಯಲ್ಲಿ ಸಲಿಕೆ ಇರಲಿಲ್ಲ, ಹಗ್ಗ ಇರಲಿಲ್ಲ. ಕತ್ತಲಾದ ಮೇಲೆ ನಾಲ್ಕು ದೀಪ ಹಚ್ಚಿ ನಮ್ಮ ಗಾಡಿ ಎಷ್ಟು ಹೂತಿದೆ ಎಂಬುದನ್ನು ಸ್ಪಷ್ಟವಾಗಿ ನೋಡಿದೆವು.

ಟ್ರ್ಯಾಕ್ಟರಿನಲ್ಲಿ ಬಂದ ರೈತರೊಬ್ಬರು ಬದುವಿನ ಮೇಲೆ ಒಟ್ಟಿದ್ದ ಹೋದ ವರ್ಷದ ತೊಗರಿ ಕಟ್ಟಿಗೆಯನ್ನು ತಂದು ಗಾಲಿಗಳ ಮುಂದೆ ಹಾಸಿದರು. ತಮ್ಮ ಪೆಟ್ಟಿಗೆಯಿಂದ ಹಲಗೆ, ಜಾಕು, ಹಗ್ಗ ತೆಗೆದರು. ಅರ್ಧ ತಾಸಿನಲ್ಲಿ ನಾವು ಹೊರಗೆ ಬಂದೆವು. ಇಷ್ಟು ಸಾಮಾನು ಯಾವಾಗಲೂ ಇಟ್ಟುಕೊಂಡಿರುತ್ತೀರಾ ಎಂದು ಕೇಳಿದೆ. "ಹೋದ ವರ್ಷ ನಮ್ಮ ಸೊಸೀನ ಹೆರಗಿಗೆ ಕರಕೊಂಡು ಹೋಗೂವಾಗ ಇದೇ ಜಾಗಾದಾಗ ಗಾಡಿ ಕುಂತಿತ್ರಿ ಸಾಹೇಬ್ರ. ಅವತ್ತಿನಿಂದ ಇಟ್ಟೀನ್ರಿ" ಎಂದರು. ಕೂಸು, ತಾಯಿ ಇಬ್ಬರೂ ಆರಾಮವಾಗಿದ್ದಾರೆ ಎಂದ ಮೇಲೆಯೇ ನನಗೆ ಸಮಾಧಾನವಾಯಿತು.

ಮೊದಲ ಖರ್ಚು: ಗಾಳಿ

ಎಲ್ಲಕ್ಕಿಂತ ಅಗ್ಗವಾದ ಸಾಧನ ಟೈರಿನೊಳಗೇ ಇದೆ. ಒಂದು ಸ್ಥೂಲ ಲೆಕ್ಕ ನೋಡಿ. 1,600 ಕಿಲೋ ತೂಕದ ಜೀಪಿನ ಪ್ರತಿ ಗಾಲಿಯ ಮೇಲೆ ಸುಮಾರು 400 ಕಿಲೋ ಭಾರ ಬೀಳುತ್ತದೆ. ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ 2.1 ಕಿಲೋ ಒತ್ತಡಕ್ಕೆ ಸಮ. ಆಗ ನೆಲಕ್ಕೆ ತಾಗುವ ಜಾಗ ಸುಮಾರು 190 ಚದರ ಸೆಂಟಿಮೀಟರು. ಗಾಳಿಯನ್ನು 18 ಪೌಂಡಿಗೆ ಇಳಿಸಿದರೆ ಅದು 315 ಚದರ ಸೆಂಟಿಮೀಟರಿನಷ್ಟಾಗುತ್ತದೆ. ಅಗಲ ಟೈರು ಕೊಳ್ಳದೆಯೇ ಟೈರು ಅಗಲವಾಯಿತು. ಒಂಟೆಯ ಪಾದ ಮರಳಿನಲ್ಲಿ ಹೂಳದಿರುವುದೂ ಇದೇ ಲೆಕ್ಕದಿಂದ.

ಆದರೆ ಇದಕ್ಕಿಂತ ಬಹಳ ಕೆಳಗೆ ಇಳಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಕಡಿಮೆ ಗಾಳಿಯಲ್ಲಿ ನಿಧಾನವಾಗಿಯೇ ಹೋಗಬೇಕು. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ತುಂಬಬೇಕು. ಇಲ್ಲದಿದ್ದರೆ ಟೈರು ಕಾದು ಒಡೆಯುತ್ತದೆ. ಆದ್ದರಿಂದ ಗಾಳಿ ಅಳೆಯುವ ಗೇಜು ಮತ್ತು ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರು ನಿಮ್ಮ ಪಟ್ಟಿಯಲ್ಲಿ ಮೊದಲು ಬರಲಿ. ಜೊತೆಗೆ ಪಂಕ್ಚರ್ ಕಿಟ್ಟು. ನಿಮ್ಮ ಕಡೆಯ ಜಾಲಿಮುಳ್ಳು ಮತ್ತು ತೊಗರಿ ಕೂಳೆ ಎಂಥ ಟೈರನ್ನೂ ಬಿಡುವುದಿಲ್ಲ. ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಹಾಸುಗಲ್ಲಿನ ನೆಲದಲ್ಲಿ ಟೈರಿನ ಪಕ್ಕೆಯೇ ಸೀಳುವುದುಂಟು. ಅದಕ್ಕೆ ತೇಪೆ ನಿಲ್ಲುವುದಿಲ್ಲ, ಒಳ್ಳೆಯ ಸ್ಟೆಪ್ನಿಯೇ ಬೇಕು.

ಹಗ್ಗ, ಹಲಗೆ, ಸಲಿಕೆ

ಎರಡನೆಯದು ಎಳೆಯುವ ಪಟ್ಟಿ. ಚಕ್ಕಡಿಗೆ ಕಟ್ಟುವ ಹಗ್ಗ ಸಾಲದು. ಗಾಡಿಯ ತೂಕದ ಎರಡು ಮೂರು ಪಟ್ಟು ಭಾರ ತಡೆಯುವ, ಆ ಅಂಕಿಯನ್ನು ಮೇಲೆಯೇ ಮುದ್ರಿಸಿರುವ ನೈಲಾನು ಅಥವಾ ಪಾಲಿಯೆಸ್ಟರು ಪಟ್ಟಿ ಕೊಳ್ಳಿ. ಅದನ್ನು ಬಂಪರಿಗೆ ಕಟ್ಟಬೇಡಿ; ಚಾಸಿಯ ಕೊಂಡಿಗೇ ಕಟ್ಟಿ. ಬಿಗಿದ ಪಟ್ಟಿಯಲ್ಲಿ ಬಿಲ್ಲಿನ ಹೆದೆಯಲ್ಲಿರುವಂತೆ ಶಕ್ತಿ ತುಂಬಿರುತ್ತದೆ. ಅದು ಹರಿದರೆ ಅಥವಾ ಕೊಂಡಿ ಕಿತ್ತರೆ ಆ ಕಬ್ಬಿಣ ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ಎಳೆಯುವಾಗ ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿ. ನೋಡಲು ಬಂದ ಮಕ್ಕಳನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಿಸಿ. ಟ್ರ್ಯಾಕ್ಟರು ಜಗ್ಗದೆ ನಿಧಾನವಾಗಿ ಎಳೆಯಲಿ.

ಮೂರನೆಯದಕ್ಕೆ ಹೆಚ್ಚು ಹಣ ಬೇಡ: ಒಂದು ಸಲಿಕೆ, ನಾಲ್ಕು ಗೋಣಿಚೀಲ, ಜಾಕಿನ ಕೆಳಗೆ ಇಡಲು ದಪ್ಪ ಹಲಗೆ. ಜಾಕಿನ ತಳ ಹತ್ತು ಸೆಂಟಿಮೀಟರು ಚೌಕವೆಂದಿಟ್ಟುಕೊಳ್ಳಿ. 500 ಕಿಲೋ ಎತ್ತುವಾಗ ಅದು ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಹಾಕುತ್ತದೆ. ಹಸಿ ಎರೆಯಲ್ಲಿ ಗಾಡಿ ಏಳುವ ಬದಲು ಜಾಕು ಇಳಿಯುತ್ತದೆ. ಕೆಳಗೆ 30ಕ್ಕೆ 40 ಸೆಂಟಿಮೀಟರಿನ ಹಲಗೆ ಇಟ್ಟರೆ ಒತ್ತಡ ಅರ್ಧ ಕಿಲೋಗಿಂತ ಕಡಿಮೆ. ಬಡಗಿಯ ಬಳಿ ಸಿಗುವ ಒಂದು ತುಂಡು ಹಲಗೆ ದುಬಾರಿ ಜಾಕು ಮಾಡದ ಕೆಲಸ ಮಾಡುತ್ತದೆ. ಆದರೆ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು.

ಎರಡನೆಯ ಮಹಾಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಅವುಗಳ ಪಕ್ಕೆಗೆ ಕಾರ್ಖಾನೆಯಿಂದಲೇ ಕಟ್ಟಿ ಬರುತ್ತಿದ್ದ ಸಾಮಾನು ಒಂದು ಸಲಿಕೆ ಮತ್ತು ಒಂದು ಕೊಡಲಿ. ಜೀಪು ಎಂಬ ಗಾಡಿ ಹುಟ್ಟಿದಾಗಲೇ ಅದರ ಅಲಂಕಾರ ಯಾವುದೆಂದು ತೀರ್ಮಾನವಾಗಿತ್ತು.

ಯಾವುದು ಬೇಡ?

ಮುಂದಿನ ಕಬ್ಬಿಣದ ಗಾರ್ಡು ಕಾನೂನಿಗೆ ವಿರುದ್ಧ. ಇದನ್ನು ತಡೆಯುವಂತೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಆಧಾರ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಅದು ಗುದ್ದಿದಾಗ ಪಾದಚಾರಿಗೆ ಹೆಚ್ಚು ಪೆಟ್ಟು. ಗಾಳಿಚೀಲವಿರುವ ಗಾಡಿಗಳಲ್ಲಿ ಆ ಚೀಲ ಸಕಾಲಕ್ಕೆ ಬಿಚ್ಚಿಕೊಳ್ಳದಿರಬಹುದು. ನೆತ್ತಿಯ ದೀಪಗಳು ಎದುರಿನವರ ಕಣ್ಣು ಕಟ್ಟುತ್ತವೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳ ನಡುವೆ ಓಡಾಡುವ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ. ಅದರ ಬದಲು ಇರುವ ದೀಪಗಳ ಗಾಜು ಒರೆಸಿ, ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ, ಒಂದು ಕೈಬ್ಯಾಟರಿ ಇಟ್ಟುಕೊಳ್ಳಿ.

ಟೈರು ಸವೆದಿದ್ದರೆ ಮಾತ್ರ ಮೊದಲು ಅದಕ್ಕೇ ಹಣ ಕೂಡಿಡಿ. ಮೂಲ ಅಳತೆಯದನ್ನೇ ಕೊಳ್ಳಿ. ದೊಡ್ಡ ಹಲ್ಲಿನ ಮಣ್ಣಿನ ಟೈರು ರಾಡಿಯಲ್ಲಿ ಮಣ್ಣನ್ನು ಚೆಲ್ಲುತ್ತ ಸಾಗುತ್ತದೆ, ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ. ಹತ್ತರಲ್ಲಿ ಎಂಟು ದಿನ ಡಾಂಬರಿನ ಮೇಲೆಯೇ ಓಡುವವರಿಗೆ ಎರಡಕ್ಕೂ ಸಲ್ಲುವ ಎ.ಟಿ. ಎಂಬ ಬಗೆ ಸಾಕು.

ಕೊಳ್ಳಲಾಗದ ಒಂದು ಸಾಧನ

ತಾಳಿಕೋಟೆಯ ಬಳಿ ಡೋಣಿ ಉಕ್ಕಿ ಸೇತುವೆ ಮುಳುಗಿತೆಂಬುದು ಮಳೆಗಾಲದಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯೂ ಇಂಡಿ, ಸಿಂದಗಿಯ ಊರುಗಳನ್ನು ಕಾಡಿತು. ಹರಿಯುವ ನೀರು ಎರಡು ಅಡಿ ಇದ್ದರೆ ಹೆಚ್ಚಿನ ಗಾಡಿಗಳನ್ನು, ಜೀಪನ್ನೂ ಸೇರಿಸಿ, ತೇಲಿಸಿಕೊಂಡು ಹೋಗಬಲ್ಲದು. ಎಂಜಿನ್ನಿನೊಳಗೆ ನೀರು ಹೊಕ್ಕರೆ ಪಿಸ್ಟನ್ನಿನ ದಂಡವೇ ಬಾಗುತ್ತದೆ, ಏಕೆಂದರೆ ಗಾಳಿಯಂತೆ ನೀರನ್ನು ಅದುಮಲಾಗದು. ಇದಕ್ಕೆ ಯಾವ ಅಂಗಡಿಯಲ್ಲೂ ಸಾಮಾನಿಲ್ಲ. ಈ ದಂಡೆಯಲ್ಲೇ ಕಾಯುವುದೊಂದೇ ದಾರಿ. ಹಾಗೆಯೇ ಮಳೆ ನಿಂತ ಮೇಲೆ ಎರೆ ದಾರಿಯನ್ನು ಒಂದು ಬಿಸಿಲು ಕಾಣಲು ಬಿಟ್ಟರೆ ಅರ್ಧ ಸಾಮಾನು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇಂಡಿಯ ಮಿತ್ರರೇ, ಗೇಜು, ಕಂಪ್ರೆಸರು, ಪಂಕ್ಚರ್ ಕಿಟ್ಟು, ಎಳೆಯುವ ಪಟ್ಟಿ, ಸಲಿಕೆ, ಹಲಗೆ, ಕೈಬ್ಯಾಟರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರಿನ ಕ್ಯಾನು, ಇಷ್ಟನ್ನು ವಿಚಾರಿಸಿ ಕೊಂಡರೆ ನಿಮ್ಮ 15,000ದ ಒಳಗೇ ಮುಗಿಯುತ್ತದೆ. ಉಳಿದ ಹಣ ಇರಲಿ. ಕೊಂಡ ಮೇಲೆ ಒಂದು ಒಣ ದಿನ, ಹಗಲಿನಲ್ಲಿ, ಮನೆಯ ಇಬ್ಬರು ಕೂಡಿ ಎಲ್ಲವನ್ನೂ ಒಮ್ಮೆ ಬಳಸಿ ನೋಡಿ. ದವಾಖಾನೆಗೆ ಹೊರಟ ರಾತ್ರಿ ಕಲಿಯಲು ಸಮಯವಿರುವುದಿಲ್ಲ.