ಕಲ್ಲು ಮಣ್ಣಿನ ಓದು ನಮ್ಮ ಮಕ್ಕಳಿಗೆ ಬೇಕೆ?



ಕಳೆದ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ರೈತರೊಬ್ಬರು ನನ್ನನ್ನು ಕಾಣಲು ಬಂದರು. ಟೊಮೇಟೊ, ಹಿಪ್ಪುನೇರಳೆ ಬೆಳೆಯುವವರು. ನಾಲ್ಕು ವರ್ಷದಲ್ಲಿ ಮೂರು ಕೊಳವೆ ಬಾವಿ ಕೊರೆಸಿದ್ದರು. ಮೂರನೆಯದು ಸಾವಿರ ಅಡಿ ದಾಟಿದರೂ ಬಂದದ್ದು ಬರೀ ಕಲ್ಲಿನ ಧೂಳು. ಸಾಲ ಹಾಗೆಯೇ ಉಳಿದಿತ್ತು. ಆದರೆ ಅವರು ಬಂದದ್ದು ಬಾವಿಯ ಮಾತಿಗಲ್ಲ.

“ಸ್ವಾಮಿ, ನಮ್ಮ ಹುಡುಗಿ ಪಿ.ಯು.ಸಿ. ಪಾಸಾದಳು. ಭೂವಿಜ್ಞಾನ ಓದ್ತೀನಿ ಅಂತ ಹಠ ಹಿಡಿದಿದಾಳೆ. ಕಲ್ಲು ಮಣ್ಣು ನಾವು ದಿನಾ ನೋಡೋದೇ ಅಲ್ವಾ? ಅದಕ್ಕೂ ಕಾಲೇಜಿಗೆ ದುಡ್ಡು ಕಟ್ಟಬೇಕಾ?” ಎಂದರು.

ಮೂರು ಬಾವಿಗೂ ಪಾಯಿಂಟ್ ಹೇಗೆ ಗುರುತಿಸಿದಿರಿ ಎಂದು ಕೇಳಿದೆ. ಮೊದಲನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ. ಎರಡನೆಯದಕ್ಕೆ ಬೇವಿನ ಕವೆಗಡ್ಡಿ. ಮೂರನೆಯದು ಪಕ್ಕದ ಹೊಲದಲ್ಲಿ ನೀರು ಬಿತ್ತೆಂದು ಬದುವಿನ ಈಚೆಗೆ. ಅವರ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು.

ನೀರಿನ ಪಾಠ

ನಮ್ಮ ದಕ್ಷಿಣ ಜಿಲ್ಲೆಗಳ ಅಡಿಯಲ್ಲಿರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್ ಕಲ್ಲು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ನೀವು ನೋಡಿರಬಹುದು. ಅದೂ ಇದೇ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಕಲ್ಲಿನ ಒಡಲಿನಲ್ಲಿ ನೀರು ನಿಲ್ಲುವುದಿಲ್ಲ. ಮೇಲಿನ ಪುಡಿಯಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆ. ಪಕ್ಕದವರ ಬಾವಿ ಬಿರುಕಿಗೆ ಸಿಕ್ಕಿ, ನಿಮ್ಮದು ಹತ್ತು ಮಾರು ಈಚೆಗೆ ಗಟ್ಟಿ ಬಂಡೆಗೆ ಬೀಳುವುದು ಇದರಿಂದಲೇ, ನಿಮ್ಮ ಹಣೆಬರಹದಿಂದಲ್ಲ.

ಭೂವಿಜ್ಞಾನ ಓದಿದವರು ನೆಲಕ್ಕೆ ನಾಲ್ಕು ಕಬ್ಬಿಣದ ಗೂಟ ನೆಟ್ಟು ಎರಡರಿಂದ ವಿದ್ಯುತ್ ಹಾಯಿಸಿ, ಉಳಿದೆರಡರಿಂದ ಅಳೆಯುತ್ತಾರೆ. ತೇವದ ಪದರ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ, ಒಣ ಬಂಡೆ ತಡೆಯುತ್ತದೆ. ಆದರೆ ಜೇಡಿಯೂ ಉಪ್ಪು ನೀರೂ ಸುಲಭವಾಗಿಯೇ ಬಿಡುತ್ತವೆ. ಯಂತ್ರ ಅಂಕಿ ಕೊಡುತ್ತದೆ; ಅದರ ಅರ್ಥ ಹೇಳಲು ಓದು ಬೇಕು. ಅವರೂ ನೀರನ್ನು ಸೃಷ್ಟಿಸಲಾರರು, ಎಲ್ಲ ಸಲ ಸರಿಯಾಗಿ ಹೇಳಲಾರರು. ಆದರೆ ಕುರುಡಾಗಿ ಹಣ ಸುರಿಯುವುದನ್ನು ತಪ್ಪಿಸಬಲ್ಲರು.

ಮಣ್ಣಿನ ಪಾಠ

ನಾನು ಬಿ.ಎಸ್ಸಿ. ಕೃಷಿ ಓದುವಾಗ ಕಲ್ಲಿನಿಂದ ಮಣ್ಣು ಹುಟ್ಟುವ ಪಾಠವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಂಪು ನೆಲದ ನೀರಿನ ಲೆಕ್ಕವನ್ನೇ ಕಪ್ಪು ನೆಲದ ಊರಿನಲ್ಲೂ ಹೇಳಿಬಿಟ್ಟೆ. ನನ್ನ ಮಾತು ನಂಬಿದ ರೈತರೊಬ್ಬರ ಮೆಣಸಿನ ಗಿಡಗಳು ಬೇರು ಕೊಳೆತು ಬಾಡಿದವು. ಅವರು ಬೈಯಲಿಲ್ಲ. ಅದು ಇಂದಿಗೂ ನನ್ನನ್ನು ಕುಟುಕುತ್ತದೆ.

ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ಹೆಚ್ಚಾಗಿ ಬಸಾಲ್ಟ್ ಎಂಬ ಕಪ್ಪು ಕಲ್ಲಿನಿಂದ ಹುಟ್ಟಿದ್ದು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಉಬ್ಬಿದಾಗ ಬೇರಿಗೆ ಗಾಳಿ ಸಿಗದು. ಗ್ರಾನೈಟಿನ ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ತಾಯಿ ಕಲ್ಲನ್ನು ತಿಳಿಯದೆ ಮಣ್ಣಿಗೆ ಸಲಹೆ ಹೇಳಬಾರದೆಂದು ಆಮೇಲೆ ಕಲಿತೆ.

ಪರಿಸರದ ಪಾಠ

ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಬರುತ್ತಿದೆ. ಆ ನೀರಿನಲ್ಲಿ ಏನಿದೆ, ಬಾವಿಗೆ ಏನು ಇಳಿಯುತ್ತದೆ, ಬೆಳೆಗೆ ಎಷ್ಟು ಸೇರುತ್ತದೆ? ಆಳದ ಬಾವಿಗಳಲ್ಲಿ ಕಲ್ಲಿನಿಂದ ಕರಗಿ ಬರುವ ಫ್ಲೋರೈಡ್ ಇನ್ನೊಂದು ಚಿಂತೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮುಂದೆ ಮೂಳೆಗೂ ಕೇಡು. ಇವನ್ನೆಲ್ಲ ಅಳೆದು ತೋರಿಸುವುದೇ ಪರಿಸರ ವಿಜ್ಞಾನ. ಅಳೆಯುವವರು ನಮ್ಮ ಹಳ್ಳಿಯ ಮಕ್ಕಳೇ ಆದರೆ, ಯಾವ ಬಾವಿಯ ನೀರು ತರಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲಿ ಓದಬೇಕು? ಮುಂದೇನು?

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ಕೆಲವು ಪದವಿ ಕಾಲೇಜುಗಳಲ್ಲಿ ಭೂವಿಜ್ಞಾನ ಅಥವಾ ಪರಿಸರ ವಿಜ್ಞಾನ ಒಂದು ವಿಷಯವಾಗಿರುತ್ತದೆ. ಸೇರುವ ಮೊದಲು ವಿಚಾರಿಸಿ. ಮೈಸೂರು, ಬೆಂಗಳೂರು ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನದ ಎಂ.ಎಸ್ಸಿ., ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಓದಬಹುದು. ಮಣ್ಣಿನ ಮೇಲೆಯೇ ಮನಸ್ಸಿದ್ದರೆ ಬಿ.ಎಸ್ಸಿ. ಕೃಷಿ ಉಂಟು. ಅದರಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳೂ ಇವೆ. ಅದಕ್ಕೆ ಕೃಷಿಯ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು.

ಕೆಲಸ ಕೈಗೆ ಬಂದು ಬೀಳುತ್ತದೆ ಎಂದು ನಾನು ಹೇಳಲಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಕೇಂದ್ರ ಅಂತರ್ಜಲ ಮಂಡಳಿಯ ಭೂವಿಜ್ಞಾನಿ ಹುದ್ದೆಗಳಿಗೆ ಎಂ.ಎಸ್ಸಿ. ಬೇಕು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಗೆಲ್ಲಬೇಕು. ಐದಾರು ವರ್ಷದ ತಾಳ್ಮೆ ಬೇಕು. ಸುತ್ತಿಗೆ ಹಿಡಿದು ಬಿಸಿಲಲ್ಲಿ ಬೆಟ್ಟ ಹತ್ತುವ ಓದು ಇದು. ಹೊಲದಲ್ಲಿ ಬೆಳೆದ ಮಕ್ಕಳಿಗೆ ಅದೇನೂ ಕಷ್ಟವಲ್ಲ.

ಆ ರೈತರು ಮಗಳನ್ನು ಕಾಲೇಜಿಗೆ ಸೇರಿಸಿದರು. ನಾಲ್ಕನೆಯ ಬಾವಿಗೆ ಲಾರಿ ಕರೆಸುವ ಮೊದಲು, “ಅಪ್ಪಾ, ಈ ಸಲ ಅಳತೆ ಮಾಡಿಸೋಣ” ಎಂದು ಮಗಳೇ ಒತ್ತಾಯಿಸಿದಳಂತೆ. ಅಳೆದ ಭೂವಿಜ್ಞಾನಿ, ಈ ಹೊಲದಲ್ಲಿ ಕೊರೆಯಬೇಡಿ ಎಂದರು. ಆ ಹಣದಲ್ಲಿ ಒಂದು ಪಾಲು ಕೃಷಿ ಹೊಂಡಕ್ಕೆ ಹೋಯಿತು, ಉಳಿದದ್ದು ಮಗಳ ಹಾಸ್ಟೆಲಿಗೆ.

ನಿಮ್ಮ ಮನೆಯಲ್ಲೂ ಅಂಥ ಮಗನೋ ಮಗಳೋ ಇದ್ದರೆ, ಕಲ್ಲು ಮಣ್ಣು ಓದಿ ಏನು ಮಾಡುತ್ತೀಯೆ ಎಂದು ಗದರಬೇಡಿ. ನೀವು ಕೊರೆಸಿದ ಒಣ ಬಾವಿಯ ಬಳಿಗೆ ಕರೆದುಕೊಂಡು ಹೋಗಿ ತೋರಿಸಿ. ಅವರ ಮೊದಲ ಪಾಠ ಅಲ್ಲಿಯೇ ಆರಂಭವಾಗಲಿ.