ಘಟ್ಟದ ನೀರು, ಕಡಲಿನ ಮೀನು



ಪಾಸ್ಖ ಕಾಲದಲ್ಲಿ ನಾವು ಕೇಳುವ ಶುಭಸಂದೇಶವೊಂದರಲ್ಲಿ ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನಿಟ್ಟು ಶಿಷ್ಯರನ್ನು ಊಟಕ್ಕೆ ಕರೆಯುತ್ತಾರೆ. ನಮ್ಮ ಮನೆಗಳಲ್ಲೂ ಮೀನೆಂದರೆ ಹಬ್ಬವೇ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದ ನಮಗೆ ಕುಮಟಾ, ಹೊನ್ನಾವರ, ಅಂಕೋಲೆಗಳಿಂದ ಘಟ್ಟ ಹತ್ತಿ ಬರುವ ಬಂಗಡೆ, ತಾರ್ಲೆಗಳಲ್ಲೇ ಕಡಲಿನ ಪರಿಚಯ. ಕಡಲು ನಮಗೆ ಮೀನು ಕಳಿಸುತ್ತದೆ. ನಾವು ಕೆಳಗೆ ಕಳಿಸುವುದೇನು?

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಅಣೆಕಟ್ಟಿನ ತಡೆಯಿಲ್ಲದೆ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಯಲ್ಲಾಪುರದ ಬೇಡ್ತಿ ಮಾಗೋಡಿನಲ್ಲಿ ಇಳಿದು ಗಂಗಾವಳಿಯಾಗುತ್ತದೆ. ಅಘನಾಶಿನಿ ಎಂದರೆ ಪಾಪವನ್ನು ನಾಶಮಾಡುವವಳು. ಪ್ಲಾಸ್ಟಿಕ್ ಕೊಟ್ಟೆಯನ್ನು ಮಾತ್ರ ಅವಳು ನಾಶಮಾಡಲಾರಳು!

ಈ ನದಿಯ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಬಹಳ. ಬಳಚು ನೀರನ್ನು ಒಳಗೆಳೆದು, ಸೋಸಿ, ಆಹಾರ ಪಡೆಯುವ ಜೀವಿ. ನೀರಿನಲ್ಲಿ ಚರಂಡಿಯ ಹೊಲಸಿದ್ದರೆ ಅದರ ರೋಗಾಣುಗಳೂ ಬಳಚಿನ ಒಡಲಲ್ಲಿ ಸೇರುತ್ತವೆ. 1988ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಸರಿಯಾಗಿ ಬೇಯಿಸದ ಚಿಪ್ಪುಜೀವಿಗಳನ್ನು ತಿಂದು ಸುಮಾರು 3 ಲಕ್ಷ ಜನರಿಗೆ ಕಾಮಾಲೆ ಹರಡಿತು. ಚಿಪ್ಪು ಬಾಯಿ ಬಿಟ್ಟೊಡನೆ ಒಲೆಯಿಂದ ಇಳಿಸಬಾರದು; ಚೆನ್ನಾಗಿ ಕುದಿಯಬೇಕು.

ರೋಗಾಣು ಬೆಂಕಿಗೆ ಸಾಯುತ್ತದೆ, ಪಾದರಸ ಸಾಯುವುದಿಲ್ಲ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಪಾದರಸದ ಹೊಲಸನ್ನು ಕೊಲ್ಲಿಗೆ ಬಿಟ್ಟಿತು. 1956ರಲ್ಲಿ ರೋಗ ಬೆಳಕಿಗೆ ಬಂದಾಗ ಮೀನು ತಿಂದವರ ಕೈಕಾಲು ನಡುಗುತ್ತಿದ್ದವು, ಮಾತು ತೊದಲುತ್ತಿತ್ತು. ಆರೋಗ್ಯವಂತರಂತೆ ಕಂಡ ತಾಯಂದಿರಿಗೂ ಮೆದುಳು ಕೆಟ್ಟ ಮಕ್ಕಳು ಹುಟ್ಟಿದರು. ಪಾದರಸ ಸಣ್ಣ ಮೀನಿನಿಂದ ಅದನ್ನು ನುಂಗುವ ದೊಡ್ಡ ಮೀನಿಗೆ ಏರುತ್ತಾ ಹೆಚ್ಚಾಗುತ್ತದೆ. ಆದ್ದರಿಂದ ಗರ್ಭಿಣಿಯರು ಶಾರ್ಕಿನಂಥ ದೊಡ್ಡ ಬೇಟೆಮೀನುಗಳನ್ನು ಬಿಡುವುದು ಒಳ್ಳೆಯದು. ಹಾಗೆಂದು ಮೀನನ್ನೇ ಬಿಡಬೇಕಿಲ್ಲ. ಬಡವರ ಮೀನೆನಿಸಿಕೊಂಡ ತಾರ್ಲೆಯಲ್ಲಿ ಈ ಭಯ ಕಡಿಮೆ, ಪೌಷ್ಟಿಕತೆ ಹೆಚ್ಚು.

ನಮ್ಮ ಊರುಗಳಲ್ಲಿ ಅಂಥ ಕಾರ್ಖಾನೆಗಳಿಲ್ಲ, ನಿಜ. ಆದರೆ ಅಡಿಕೆ ತೋಟಗಳಿವೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಅಂದರೆ ತಾಮ್ರ. ತಾಮ್ರ ಕೊಳೆತು ಮಾಯವಾಗುವ ವಸ್ತುವಲ್ಲ. ಮಣ್ಣಿಗೆ ಅಂಟಿ, ಮಣ್ಣು ಕೊಚ್ಚಿಹೋದಾಗ ಹಳ್ಳ ಸೇರುತ್ತದೆ. ಮೀನಿಗೂ ಬಳಚಿನ ಮರಿಗೂ ಅದು ವಿಷ. ಔಷಧಿ ಹೊಡೆಯದೆ ತೋಟ ಉಳಿಯದೆಂಬುದನ್ನು ಬಲ್ಲೆವು. ಆದರೆ ಉಳಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು, ಡ್ರಮ್ಮನ್ನು ಅಲ್ಲೇ ತೊಳೆಯುವುದು ಅನಿವಾರ್ಯವೇ?

ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ, ಕುಲಪಿತ ಬಾರ್ತಲೋಮಿಯರನ್ನು ನೆನೆದು, ನೀರು, ನೆಲ, ಗಾಳಿಯನ್ನು ಕೆಡಿಸುವುದೂ ಪಾಪವೇ ಎಂದರು. ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡವರು ವಿರಳ. ಈ ಮಳೆಗಾಲಕ್ಕೆ ಮುನ್ನ ತೋಟದ ಮೂಲೆಯಲ್ಲಿ, ಹಳ್ಳ ಬಾವಿಗಳಿಂದ ದೂರ, ಡ್ರಮ್ಮು ತೊಳೆಯಲು ಒಂದು ಜಾಗ ಗೊತ್ತುಮಾಡಿಕೊಳ್ಳೋಣ.